ಪುಕ್ಕಟೆ ಲಿನಕ್ಸ್ ತಂದವರು

2006ನೇ ಇಸವಿ. ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಗೋಕಾಕದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮಷಿನ್ ನೋಡಿಕೊಳ್ಳುವುದು ನಮ್ಮ ಮನೆಯವರ ಕೆಲಸ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ನನ್ನ ಕೆಲಸ. ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ಜೊತೆಗೆ ಮೂಡಲಗಿ ಮತ್ತು ಹುಕ್ಕೇರಿ ಕಡೆಯ ಕೆಲವು ಹೈಸ್ಕೂಲುಗಳ ಪ್ರಶ್ನೆಪತ್ರಿಕೆಗಳೂ ನಮ್ಮಲ್ಲೇ ಛಾಪಾಗುತ್ತಿದ್ದವು. ಆ ಕೆಲಸ ನಮಗೆ ದೊಡ್ಡ ಮರ್ಯಾದೆ. ನಂಬಿಕೆ ಇಲ್ಲದವರಿಗೆ ಯಾರೂ ಪ್ರಶ್ನೆಪತ್ರಿಕೆ ಕೊಡುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಸಂಶಯದವಳು. ಹಾಲಿನವನು ಹೋದ ಮೇಲೆ ಹಾಲನ್ನು ಇನ್ನೊಮ್ಮೆ ಅಳೆದು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ನಕ್ಕು ಮಾತಾಡಿಸಿದರೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತೇನೆ. ನಮ್ಮದು ಜೈನ ವ್ಯಾಪಾರಿಗಳ ಮನೆತನ. ನಮ್ಮ ಅಪ್ಪ ಅಂಗಡಿಯಲ್ಲಿ ಕುಳಿತು ಒಂದು ಮಾತು ಹೇಳುತ್ತಿದ್ದರು: "ಪುಕ್ಕಟ ಕೊಡಾಂವನ ಇನ್ನೊಂದ ಕೈ ಎಲ್ಲೈತಿ ನೋಡವಾ." ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೇ ಗಂಡನ ಮನೆಗೆ ಬಂದವಳು.

ಆ ವರ್ಷ ನಮ್ಮ ಕಂಪ್ಯೂಟರಿಗೆ ವೈರಸ್ ಕಾಟ ವಿಪರೀತವಾಗಿತ್ತು. ಮಾಸ್ತರುಗಳು ಒಬ್ಬೊಬ್ಬರೂ ಫ್ಲಾಪಿ, ಪೆನ್‌ಡ್ರೈವ್ ತರುತ್ತಿದ್ದರು, ಜೊತೆಗೆ ವೈರಸ್ಸನ್ನೂ ತರುತ್ತಿದ್ದರು. ಒಂದು ದಿನ ನಲವತ್ತು ಲಗ್ನಪತ್ರಿಕೆಗಳ ಫೈಲುಗಳು ಕಣ್ಣೆದುರಿಗೇ ಮಾಯವಾದವು. ಮೇಲಾಗಿ ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಕಾಪಿ ಹೊಡೆದ ಪ್ರೋಗ್ರಾಮ್. ಬೆಳಗಾವಿಯಲ್ಲಿ ಅಂಥವರನ್ನು ಹಿಡಿಯುತ್ತಿದ್ದಾರೆ ಎಂಬ ಸುದ್ದಿ ಬಂದಿತ್ತು. ಅಪರಿಚಿತರು ಯಾರಾದರೂ ಬಾಗಿಲಿಗೆ ಬಂದರೆ ನಾನು ಮೊದಲು ಪರದೆ ಆರಿಸಿ ಆಮೇಲೆ "ಏನ್ರಿ?" ಎನ್ನುತ್ತಿದ್ದೆ.

ಆಗ ನಮ್ಮ ಮನೆಯವರು ಕುಲಗೋಡದ ಶಿವಪುತ್ರಪ್ಪನವರನ್ನು ಕರೆತಂದರು. ವಯಸ್ಸು ನಲವತ್ತರ ಆಸುಪಾಸು. ಮೊದಲು ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದವರು, ತಾವೇ ಕಂಪ್ಯೂಟರ್ ಕಲಿತು ಮೂಡಲಗಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು. ಹಣೆಗೆ ವಿಭೂತಿ, ಬಾಯಲ್ಲಿ ಸದಾ ಒಂದು ಯಾಲಕ್ಕಿ. ಚೀಲದಿಂದ ಕೆಲವು ಸಿಡಿಗಳನ್ನು ತೆಗೆದರು.

"ಅಕ್ಕಾರ, ಇದಕ್ಕ ಲಿನಕ್ಸ್ ಅಂತಾರ್ರಿ. ವೈರಸ್ ಕಾಟ ಭಾಳ ಕಡಿಮಿ. ಕಾಪಿ ಹೊಡದದ್ದಲ್ಲ, ಯಾರ ಬಂದ ಕೇಳಿದ್ರೂ ಅಂಜೂದ ಬ್ಯಾಡ್ರಿ. ಪುಕ್ಕಟ ಐತಿ. ನನಗ ಹಾಕಿದ್ದಕ್ಕ ಕೂಲಿ ಅಷ್ಟ ಕೊಡ್ರಿ."

"ಪುಕ್ಕಟ ಯಾಕ ಕೊಡ್ತಾರ್ರಿ?" ಎಂದು ಕೇಳಿದೆ. ಕಣ್ಣು ಅವರ ಇನ್ನೊಂದು ಕೈಯ ಮೇಲೇ ಇತ್ತು.

"ಮಾಡಿದವ್ರು ಎಲ್ಲಾರಿಗೂ ಉಪಯೋಗ ಆಗ್ಲಿ ಅಂತ ಬಿಟ್ಟಾರ್ರಿ. ಒಳಗ ಹೆಂಗ ಬರದಾರ ಅನ್ನೂದನ್ನ ಯಾರ ಬೇಕಾದ್ರೂ ತಗದ ನೋಡಬಹುದು. ಎಲ್ಲಾ ಓಪನ್."

ಓಪನ್ ಎಂದ ಕೂಡಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಪ್ರಶ್ನೆಪತ್ರಿಕೆ ಇಡುವ ಪೆಟ್ಟಿಗೆ ಓಪನ್ ಎಂದರೆ ಏನು ಗತಿ? ಅದರಲ್ಲಿ ಟೈಪು ಮಾಡುವ ಪ್ರೋಗ್ರಾಮಿನ ಹೆಸರೇ ಓಪನ್ ಆಫೀಸ್. ಬಾಗಿಲು ತೆಗೆದಿಟ್ಟ ಆಫೀಸು! ನನ್ನ ಮುಖ ನೋಡಿಯೋ ಏನೋ ಅವರು ನಕ್ಕರು. "ನಿಮ್ಮ ಕಾಗದ ಓಪನ್ ಅಲ್ರಿ ಅಕ್ಕಾರ. ಶೇಂಗಾ ಹಿಂಡಿ ಹೆಂಗ ಮಾಡೂದು ಅಂತ ಊರ ಮಂದಿಗೆಲ್ಲಾ ಹೇಳಿದ್ರ, ನಿಮ್ಮ ಡಬ್ಬಿಯೊಳಗ ಯಾರೂ ಕೈ ಹಾಕಾಕ ಬರಂಗಿಲ್ಲಲ್ಲ, ಹಂಗ."

ಮಾತು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರ ಮೇಲೆ ನನಗೆ ಸಂಶಯ ಇನ್ನೂ ಹೆಚ್ಚು.

ಅವರು ಕೆಲಸ ಮಾಡುವಷ್ಟು ಹೊತ್ತೂ ನಾನು ಬೆನ್ನ ಹಿಂದೆ ನಿಂತೇ ಇದ್ದೆ. ಕಾಲು ನೋಯುತ್ತಿತ್ತು, ಆದರೂ ಕದಲಲಿಲ್ಲ. ಕೊನೆಗೆ ಅವರು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತು, "ಪಾಸ್‌ವರ್ಡ್ ನೀವ ಹಾಕ್ರಿ, ನನಗ ಗೊತ್ತಾಗಬಾರದು" ಎಂದರು. ನಾನು ಒತ್ತಿದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ.

"ಏನೂ ಕಾಣವಲ್ದಲ್ರಿ!"

"ಕಾಣೂದಿಲ್ರಿ. ಆದ್ರ ಒಳಗ ಹೊಂಟೈತಿ. ಬಾಜೂ ನಿಂತವ್ರಿಗೆ ಎಷ್ಟ ಅಕ್ಷರ ಅನ್ನೂದೂ ತಿಳೀಬಾರದಂತ ಹಂಗ ಮಾಡ್ಯಾರ."

ಕಾಣದೆ ಒಳಗೆ ಹೋಗುವುದು ಕಾಣದೆ ಹೊರಗೂ ಹೋಗಬಹುದಲ್ಲ ಎಂದು ಅವತ್ತೇ ನನ್ನ ತಲೆಯಲ್ಲಿ ಹುಳ ಬಿತ್ತು. ನಮ್ಮಲ್ಲಿ ಇಂಟರ್‌ನೆಟ್ ಇರಲಿಲ್ಲ. ಆದರೂ ಅವರು ಹೋದ ಮೇಲೆ ಟೆಲಿಫೋನ್ ತಂತಿಯನ್ನು ಗೋಡೆಯಿಂದ ಕಿತ್ತು ಇನ್ನೊಂದು ಬದಿಗೆ ಹೊಡೆಸಿದೆ. ನಮ್ಮ ಮನೆಯವರು ಹಣೆ ಹಣೆ ಚಚ್ಚಿಕೊಂಡರು.

ಪ್ರಶ್ನೆಪತ್ರಿಕೆಯ ಕೆಲಸ ಶುರುವಾಯಿತು. ಪ್ರತಿ ವಿಷಯವನ್ನೂ ಎರಡು ಸಲ ಪ್ರಿಂಟು ತೆಗೆಯುತ್ತಿದ್ದೆ, ಒಂದು ತಪ್ಪು ತಿದ್ದಲು, ಇನ್ನೊಂದು ಮಷಿನ್ನಿಗೆ. ತಿದ್ದಿದ ಹಾಳೆಗಳನ್ನು, ಮಷಿನ್ನಿನಲ್ಲಿ ಕೆಟ್ಟ ಹಾಳೆಗಳನ್ನು ನಾನೇ ಎಣಿಸಿ, ನಾನೇ ಒಯ್ದು ಬಚ್ಚಲ ಒಲೆಗೆ ಹಾಕುತ್ತಿದ್ದೆ. ಗಂಡನ ಕೈಗೂ ಕೊಡುತ್ತಿರಲಿಲ್ಲ.

ಹತ್ತನೆಯ ಇಯತ್ತೆಯ ಗಣಿತದ ಪತ್ರಿಕೆ ಮೊದಲ ಸಲ ಪ್ರಿಂಟು ತೆಗೆದಾಗ ಹಾಳೆ ನೋಡಿ ದಿಗಿಲಾಯಿತು. ಅಕ್ಷರ ಇರಬೇಕಾದಲ್ಲೆಲ್ಲ ಸಾಲುಸಾಲು ಖಾಲಿ ಚೌಕಗಳು. ಪ್ರಿಂಟು ಒತ್ತುವ ಅವಸರದಲ್ಲಿ ಕನ್ನಡ ಇಲ್ಲದ ಫಾಂಟನ್ನು ನಾನೇ ಆರಿಸಿಬಿಟ್ಟಿದ್ದೆ. ಆದರೂ ಶಿವಪುತ್ರಪ್ಪನವರಿಗೂ ಅವರ ಲಿನಕ್ಸಿಗೂ ಕೂಡಿಯೇ ಮಂಗಳಾರತಿ ಎತ್ತಿದೆ. ಅಷ್ಟರಲ್ಲಿ ನಮ್ಮ ಮನೆಯವರು ಹುಕ್ಕೇರಿಯ ತಂಗಿಯ ಮನೆಗೆ ಹೊರಡುವ ಗಡಿಬಿಡಿ. ನಾದಿನಿಗೆ ಪ್ರೀತಿಯ, ಬೆಳ್ಳುಳ್ಳಿ ಹಾಕದೆ ಕುಟ್ಟಿದ ನಮ್ಮ ಶೇಂಗಾ ಹಿಂಡಿಯ ಚಟ್ನಿಯನ್ನು ಡಬ್ಬಿಗೆ ತುಂಬಿ ಕೊಟ್ಟು ಬಂದು ಮತ್ತೆ ಕುಳಿತೆ. ಫಾಂಟು ಬದಲಿಸಿದ ಮೇಲೆ ಎಲ್ಲ ಸರಿಯಾಗಿ ಬಂತು.

ಗಣಿತದ ಪರೀಕ್ಷೆಗೆ ಐದು ದಿನ ಇರುವಾಗ ಮೂಡಲಗಿಯ ಹೆಡ್ ಮಾಸ್ತರು ಬಂದರು. ಎಲ್ಲ ಶಾಲೆಗಳ ಪರವಾಗಿ ನಮಗೆ ಪತ್ರಿಕೆ ಕೊಡುತ್ತಿದ್ದವರು ಅವರೇ. ಬಂದವರು ಕೂರಲಿಲ್ಲ, ನೀರು ಕುಡಿಯಲಿಲ್ಲ. ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟರು. ಅದರಲ್ಲಿ ಪೆನ್ಸಿಲ್ಲಿನಲ್ಲಿ ನಮ್ಮ ಗಣಿತದ ಪತ್ರಿಕೆಯ ಲೆಕ್ಕಗಳು, ಅದೇ ಕ್ರಮದಲ್ಲಿ.

"ತಂಗಿ, ಇದು ಹುಕ್ಕೇರಿಯೊಳಗ ಒಂದ್ ಹುಡುಗಿ ಕೈಯಾಗ ಸಿಕ್ಕೈತಿ. ಆಕಿಗೆ ಗೆಳತಿ ಕೊಟ್ಟಳಂತ, ಗೆಳತಿಗೆ ಮತ್ತೊಬ್ಬಾಕಿ ಕೊಟ್ಟಳಂತ. ಮೊದಲ ಯಾರು ಅಂತ ಒಬ್ಬರೂ ಬಾಯಿ ಬಿಡವಲ್ರು. ಬ್ಯಾರೆ ಪತ್ರಿಕೆ ತೆಗೀತೀವಿ, ಅದ ಬ್ಯಾರೆ ಮಾತು. ಆದ್ರ ನಿನ್ನ ಮನಿಯಿಂದ ಹೆಂಗ ಹೊರಗ ಹೋತು?"

ನನಗೆ ಯೋಚಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಉತ್ತರ ತಿಂಗಳಿನಿಂದ ತಯಾರಾಗಿತ್ತು. "ಆ ಲಿನಕ್ಸ್ ಹಾಕಿದವ್ರದ ಕೆಲಸ ಇದು, ಸರ್. ಎಲ್ಲಾ ಓಪನ್ ಅಂತ ಅವ್ರ ಬಾಯಿಂದನ ಬಂದೈತಿ" ಎಂದೆ. ಫೋನು ಮಾಡಿ ಶಿವಪುತ್ರಪ್ಪನವರನ್ನು ಕರೆಸಿದೆವು. ಅವರು ಮಧ್ಯಾಹ್ನದ ಬಸ್ಸಿಗೆ ಬಂದರು. ಒಳಗೆ ಕಾಲಿಡುವ ಮೊದಲೇ ನಾನು ಬಾಗಿಲಲ್ಲಿ ಅಡ್ಡ ನಿಂತೆ. ಬೀದಿಯವರೆಲ್ಲ ಕೇಳುವಂತೆ ಕೂಗಾಡಿದೆ.

"ಕಳ್ಳತನ ಮಾಡಾಕ ಪುಕ್ಕಟ ಹಾಕಿ ಹ್ವಾದಿ ಹೌದಿಲ್ಲೋ? ಎಷ್ಟ ಮಂದಿಗೆ ಮಾರಿದಿ, ಹೇಳು!"

"ರಿ" ಬಿಟ್ಟು ಮಾತಾಡಿದ್ದು ನನ್ನ ಕಿವಿಗೇ ಕೇಳಿಸಿತು. ಆದರೆ ನಿಲ್ಲಿಸಲಿಲ್ಲ. ಅವರ ಮುಖದ ಬಣ್ಣ ಇಳಿದುಹೋಯಿತು. "ಅಕ್ಕಾರ, ಯಾವ ಹಾಳಿ ಯಾವಾಗ ಪ್ರಿಂಟ್ ಆಗೈತಿ ಅನ್ನೂದು ಅದರಾಗ ಬರದಿರತೈತ್ರಿ. ಒಂದ್ ಸಲ ನೋಡ್ಲೇನ್ರಿ?" ಎಂದರು. "ಮುಟ್ಟಿದ್ರ ನೋಡು!" ಎಂದೆ. ಹೆಡ್ ಮಾಸ್ತರು ಅವರನ್ನು ಮೇಲಿನಿಂದ ಕೆಳಗೆ ನೋಡಿ, "ನಮ್ಮ ಸಾಲಿ ಕಡೆ ಇನ್ನ ಬರಬ್ಯಾಡ" ಎಂದು ಹೇಳಿ ಹೋದರು.

ಸುದ್ದಿಗೆ ಕಾಲು ಬೇಕೇ? ಮೂರು ದಿನದಲ್ಲಿ ಎಲ್ಲ ಕಡೆ ಹರಡಿತು. ಯಮಕನಮರಡಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ಅವರು ಹಾಕಿದ್ದ ಲಿನಕ್ಸ್ ತೆಗೆಸಿದರಂತೆ. ಮಮದಾಪುರದ ಬೀಜದ ಅಂಗಡಿಯವರು ಅವರನ್ನು ಬಾಗಿಲಿನಿಂದಲೇ ಕಳಿಸಿದರಂತೆ. ನಮ್ಮ ಮನೆಯವರು ಇದನ್ನು ಹೇಳಿದಾಗ ನಾನು "ಮಾಡಿದ್ದುಣ್ಣೋ ಮಹಾರಾಯ" ಎಂದುಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಶಿವಪುತ್ರಪ್ಪನವರು ಮತ್ತೆ ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತರು.

"ನಾ ಒಳಗ ಬರಂಗಿಲ್ರಿ, ಏನೂ ಮುಟ್ಟಂಗಿಲ್ಲ. ನಾ ಇಲ್ಲಿಂದ ಹೇಳ್ತೀನಿ, ನೀವ ಒತ್ತರಿ. ಅಂಗಡಿ ಮುಚ್ಚೂ ಹೊತ್ತು ಬಂದೈತ್ರಿ ಅಕ್ಕಾರ. ಇದೊಂದು ಉಪಕಾರ ಮಾಡ್ರಿ."

ನಮ್ಮ ಮನೆಯವರು ನನ್ನನ್ನು ನೋಡಿದ ರೀತಿಗೆ ಹೆದರಿ ಕುಳಿತೆ. ಅವರು ಹೊಸ್ತಿಲಿನಿಂದ ಒಂದೊಂದಾಗಿ ಹೇಳಿದರು, ನಾನು ಒತ್ತಿದೆ. ಪಾಸ್‌ವರ್ಡ್ ಹಾಕುವಾಗ ಅವರು ಬೀದಿಯ ಕಡೆ ತಿರುಗಿದರು. ಪರದೆಯ ಮೇಲೆ ಉದ್ದದ ಪಟ್ಟಿ ಬಂತು. ಯಾವ ಫೈಲು, ಯಾರು, ಎಷ್ಟು ಹೊತ್ತಿಗೆ ಪ್ರಿಂಟು ತೆಗೆದರು, ಎಲ್ಲ ಇತ್ತು. ಪ್ರಶ್ನೆಪತ್ರಿಕೆಗಳ ಮುಂದೆಲ್ಲ ನನ್ನದೊಂದೇ ಹೆಸರು.

"ಓದ್ರಿ ಅಕ್ಕಾರ. ಯಾವುದು ಎಷ್ಟ ಸಲ ಐತಿ?"

ಓದುತ್ತಾ ಹೋದೆ. ಕನ್ನಡ ಎರಡು ಸಲ. ವಿಜ್ಞಾನ ಎರಡು ಸಲ. ಸಮಾಜ ಎರಡು ಸಲ. ಗಣಿತ ಮೂರು ಸಲ.

ಅವರು ಬೆರಳು ಮಡಚಿ ಎಣಿಸಿಕೊಂಡರು. ಆಮೇಲೆ, "ಹುಡುಗಿ ಕೈಯಾಗ ಸಿಕ್ಕ ಹಾಳಿ ಐತೇನ್ರಿ?" ಎಂದು ಕೇಳಿದರು. ಹೆಡ್ ಮಾಸ್ತರು ಬಿಟ್ಟುಹೋಗಿದ್ದ ಹಾಳೆಯನ್ನು ನಮ್ಮ ಮನೆಯವರು ಒಯ್ದು ಕೊಟ್ಟರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದರಾಗ ಮಾತ ಇಲ್ಲಲ್ರಿ. 'ಬಿಡಿಸಿರಿ' ಇಲ್ಲ, 'ಸಾಧಿಸಿರಿ' ಇಲ್ಲ. ಬರೇ ಅಂಕಿ ಅದಾವ. ಕನ್ನಡ ಒಂದ ಅಕ್ಷರನೂ ಇಲ್ಲ, ಯಾಕ್ರಿ?"

ಚೌಕ. ಆ ಚೌಕದ ಹಾಳೆ! ಎಲ್ಲ ಹಾಳೆಗಳನ್ನು ಎಣಿಸಿ ಸುಟ್ಟವಳು ಅದೊಂದನ್ನು ಸುಟ್ಟಿರಲಿಲ್ಲ. ಯಾರಿಗೂ ಓದಲಾಗದ ಕಸ ಎಂದುಕೊಂಡಿದ್ದೆ. ಹಿಂಡಿಯ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಎಣ್ಣೆ ಸೋರಬಾರದೆಂದು ಅದೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಬಾಯಿಗೆ ಹಾಕಿ ಬಿಗಿದಿದ್ದೆ. ಅಕ್ಷರಗಳು ಚೌಕವಾಗಿದ್ದವು ನಿಜ, ಅಂಕಿಗಳು ಸ್ವಚ್ಛವಾಗಿಯೇ ಇದ್ದವು. ನಾದಿನಿಯ ಮಗಳು ಅದೇ ಹುಕ್ಕೇರಿಯಲ್ಲಿ ಹತ್ತನೆಯ ಇಯತ್ತೆ.

"ಆ ಮೂರನೇ ಹಾಳಿ ಎಲ್ಲಿ ಹೋತ್ರಿ ಅಕ್ಕಾರ?" ಅವರು ಮೆಲ್ಲಗೆ ಕೇಳಿದರು.

"ನೆನಪಿಲ್ಲ" ಎಂದೆ. ಅವರಿಗೆ ಅಷ್ಟರಲ್ಲಿ ತಿಳಿದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಮತ್ತೆ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ಮಧ್ಯಾಹ್ನವೇ ಹುಕ್ಕೇರಿಯ ಬಸ್ಸು ಹತ್ತಿದೆ. ನಾದಿನಿ ನಗುನಗುತ್ತಾ ಬಾಗಿಲು ತೆರೆದಳು. ನಾನು ಹಾಳೆಯ ಮಾತೆತ್ತಿದ ಕೂಡಲೇ ಒಳಗೆ ಎಳೆದುಕೊಂಡು, ದನಿ ತಗ್ಗಿಸಿ, "ಯಾರ ಮುಂದೂ ಹೇಳಿಲ್ಲ ಬಿಡ್ರಿ ವೈನಿ. ಡಬ್ಬಿಯೊಳಗ ಗುಟ್ಟಾಗಿ ಕಳಿಸೀರಿ ಅಂದ್ರ ನಮಗ ತಿಳಿಯೂದಿಲ್ಲೇನು? ಹುಡುಗಿ ಮ್ಯಾಲ ಎಷ್ಟ ಜೀವ ನಿಮಗ!" ಎಂದಳು. ಹುಡುಗಿ ಕೂಡ ನನ್ನನ್ನು ಕಂಡು ಹಲ್ಲು ಬಿಟ್ಟಳು. ತನ್ನ ಇಬ್ಬರು ಗೆಳತಿಯರಿಗೆ ಮಾತ್ರ ಕೊಟ್ಟಿದ್ದಳಂತೆ, ಮಾಮಿಯ ಹೆಸರು ಮಾತ್ರ ಹೇಳಿಲ್ಲವಂತೆ. ಆ ಮನೆಯಲ್ಲಿ ಎಲ್ಲರೂ ನನ್ನನ್ನೇ ಕಳ್ಳಿ ಎಂದು ತಿಳಿದು, ಅದಕ್ಕಾಗಿ ನನ್ನನ್ನು ಮೆಚ್ಚಿಕೊಂಡು ಕುಳಿತಿದ್ದರು! ಅಲ್ಲ, ಅದು ಹಾಗಲ್ಲ ಎಂದು ಎಷ್ಟು ಹೇಳಿದರೂ ನಾದಿನಿ ಕಣ್ಣು ಮಿಟುಕಿಸಿ, "ಆತು ಬಿಡ್ರಿ" ಎನ್ನುತ್ತಿದ್ದಳು. ನಿಜ ಹೇಳಿದಾಗ ನಂಬದಿದ್ದರೆ ಎಂಥ ಸಂಕಟವಾಗುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಆ ಸಂಕಟವನ್ನು ನಾನು ಇನ್ನೊಬ್ಬರಿಗೆ ನಡುಬೀದಿಯಲ್ಲಿ ಕೊಟ್ಟಿದ್ದೆ.

ಮರುದಿನ ಮೂಡಲಗಿಗೆ ಹೋಗಿ, ಮಾಸ್ತರುಗಳೆಲ್ಲ ಕುಳಿತಿದ್ದ ಕೋಣೆಯಲ್ಲಿ ನಿಂತು, ಡಬ್ಬಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಯಾರೋ ನಕ್ಕರು. ಹೆಡ್ ಮಾಸ್ತರು ನಗಲಿಲ್ಲ. "ಕಂಕುಳಾಗ ಕೂಸ ಇಟಗೊಂಡು ಊರೆಲ್ಲಾ ಹುಡುಕಿದಂಗಾತಲ್ಲ ತಂಗಿ" ಎಂದರು. ಪ್ರಶ್ನೆಪತ್ರಿಕೆಯ ಕೆಲಸ ಆಮೇಲೆ ನಮಗೆ ಬರಲಿಲ್ಲ. ನಾವೂ ಕೇಳಲಿಲ್ಲ. ಆದರೆ ಶಿವಪುತ್ರಪ್ಪನವರನ್ನು ಹೆಡ್ ಮಾಸ್ತರೇ ಶಾಲೆಗೆ ಕರೆಸಿಕೊಂಡರೆಂದು ಕೇಳಿ ಅಷ್ಟು ಸಮಾಧಾನವಾಯಿತು. ಯಮಕನಮರಡಿಗೂ ಮಮದಾಪುರಕ್ಕೂ ನಾನೇ ಹೋಗಿ ಹೇಳಿ ಬಂದೆ. ಬೀಜದ ಅಂಗಡಿಯವರು ಒಪ್ಪಿದರು. ಟ್ರಾನ್ಸ್‌ಪೋರ್ಟಿನವರು, "ಈಗ ಯಾಕ್ರಿ ಮತ್ತ ಆ ಉಸಾಬರಿ" ಎಂದರು.

ಶಿವಪುತ್ರಪ್ಪನವರ ಅಂಗಡಿಗೂ ಹೋಗಿದ್ದೆ. ಕೈ ಮುಗಿದೆ. "ಹೋಗ್ಲಿ ಬಿಡ್ರಿ ಅಕ್ಕಾರ" ಎಂದು ಚಹಾ ತರಿಸಿದರು. ಮುಗಿಯಿತು ಎಂದುಕೊಂಡೆ.

ಎರಡು ತಿಂಗಳಾದ ಮೇಲೆ ಪ್ರಿಂಟರು ಏನೋ ತಕರಾರು ಮಾಡಿತು. ಕರೆದೆವು, ಬಂದರು. ಈ ಸಲ ನಾನು ಬೆನ್ನ ಹಿಂದೆ ನಿಲ್ಲಲಿಲ್ಲ. ನನಗೀಗ ಸಂಶಯವಿಲ್ಲ ಎಂದು ಅವರಿಗೆ ತಿಳಿಯಲಿ ಎಂದು ಬೇಕಂತಲೇ ಅಡುಗೆಮನೆಗೆ ಹೋದೆ. ಚಹಾಕ್ಕೆ ಇಟ್ಟೆ. ಹತ್ತು ನಿಮಿಷವಾದರೂ ಕೀಲಿಮಣೆಯ ಸಪ್ಪಳವೇ ಇಲ್ಲ. ಬಂದು ನೋಡಿದರೆ, ಕಂಪ್ಯೂಟರಿನ ಮುಂದೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು.

"ಯಾಕ್ರಿ ಶಿವಪುತ್ರಪ್ಪನವರ?"

"ನೀವು ಬರ್ರಿ ಅಕ್ಕಾರ, ಬಾಜೂಕ ನಿಂದರ್ರಿ. ಆಮ್ಯಾಲ ಶುರು ಮಾಡ್ತೀನಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮಾತೂ ಅದಾಗಿರಲಿಲ್ಲ. ಅದಕ್ಕೇ ನನಗೆ ಕಣ್ಣೀರು ಬಂತು.

ಇಷ್ಟು ವರ್ಷಗಳಾದರೂ ಅವರು ಅದನ್ನು ಬಿಟ್ಟಿಲ್ಲ. ಚಹಾ ಕುಡಿಯುತ್ತಾರೆ, ಮನೆಯವರ ಯೋಗಕ್ಷೇಮ ಕೇಳುತ್ತಾರೆ, ನಗುತ್ತಾರೆ. ಆದರೆ ನಾನು ಬರುವವರೆಗೆ ಕೀಲಿಮಣೆ ಮುಟ್ಟುವುದಿಲ್ಲ. ನಾನು ಹೋಗಿ ನಿಲ್ಲುತ್ತೇನೆ.