ಮಿಸ್ ಅರ್ಲೀನ್‌ಳ ಒಂದು ನಿಮಿಷ

ಅರ್ಲೀನ್ ಟ್ಯಾಕೆಟ್‌ಗೆ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಮೊದಲಿನಿಂದಲೂ ಆಗದು. ಅಂಥವಳಿಗೇ ದಿನಾ ಬೆಳಿಗ್ಗೆ ಇಡೀ ಶಾಲೆಯನ್ನು ಸುಮ್ಮನಿರಿಸುವ ಕೆಲಸ ಸಿಕ್ಕಿತ್ತು ನೋಡಿ! ಪೂರ್ವ ಟೆಕ್ಸಸ್ಸಿನ ಆ ಸರ್ಕಾರಿ ಶಾಲೆಯ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಆಕೆಯದೇ ಕಾರುಬಾರು. ಬಾವುಟದ ಪ್ರತಿಜ್ಞೆ ಮುಗಿದ ಮೇಲೆ ಮೈಕಿನಲ್ಲಿ "ಈಗ ಒಂದು ನಿಮಿಷ ಮೌನ" ಎನ್ನಬೇಕು. ಆ ನಿಮಿಷದಲ್ಲಿ ಮಕ್ಕಳು ಪ್ರಾರ್ಥನೆಯನ್ನಾದರೂ ಮಾಡಲಿ, ಮಧ್ಯಾಹ್ನದ ಪಿಜ್ಜಾವನ್ನಾದರೂ ನೆನೆಯಲಿ. ಶಾಲೆಯವರು ಮಾತ್ರ ಪ್ರಾರ್ಥನೆ ಹೇಳಿಕೊಡುವಂತಿಲ್ಲ; ಕಾನೂನು.

ಅರ್ಲೀನ್ ಕಾನೂನು ಮುರಿಯುವವಳಲ್ಲ. ಮೈಕು ಆರಿಸಿ, ಸಿಬ್ಬಂದಿಯ ಪಟ್ಟಿ ಹಿಡಿದು, ದಿನಕ್ಕೆ ನಾಲ್ಕು ಜನರ ಹೆಸರು ಹೇಳಿ ದೇವರಿಗೆ ಒಪ್ಪಿಸುತ್ತಿದ್ದಳು, ಬಾಯಿಬಿಟ್ಟೇ. ಮನಸ್ಸಿನಲ್ಲಿ ಹೇಳಿಕೊಂಡರೆ ದೇವರಿಗೆ ಅರ್ಧಂಬರ್ಧ ಕೇಳಿಸುತ್ತದೆಂದು ಆಕೆಯ ಗುಮಾನಿ.

ಒಂದು ಮಂಗಳವಾರ ಪ್ರತಿಜ್ಞೆಗೆ ಮುಂಚೆ ಯಾರದೋ ಫೋನು ಬಂತು. ಮಾತಾಡಿ ಇಟ್ಟವಳಿಗೆ ಮನಸ್ಸು ಎಲ್ಲೋ ಹೋಗಿತ್ತು. "ಮೌನ" ಎಂದಳು, ಮೈಕು ಆರಿಸುವುದನ್ನು ಮರೆತೇಬಿಟ್ಟಳು.

"ಕರ್ತನೇ, ಕೋಚ್ ಡಫಿಗೆ ಸ್ವಲ್ಪ ತಾಳ್ಮೆ ಕೊಡಪ್ಪ, ಬರೀ ಎಗರಾಡ್ತಾನೆ. ಪ್ರಿನ್ಸಿಪಾಲಮ್ಮನಿಗೆ ವಾರಕ್ಕೊಂದ್ಸಲನಾದ್ರೂ ನಗು ಬರ್ಲಿ. ಮಿಸ್ ಪೀಬಲ್ಸ್‌ಗೆ ಒಳ್ಳೇ ಗಂಡು ಸಿಗ್ಲಿ, ಆ ಟೈರ್ ಅಂಗಡಿಯೋನು ಮಾತ್ರ ಬೇಡ."

ಅಷ್ಟರಲ್ಲಿ ಪ್ರಿನ್ಸಿಪಾಲ್ ಡೆಲ್ಗಾಡೊ ಓಡಿಬಂದು ಮೈಕು ಆರಿಸಿದರು. ಐದನೇ ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದ್ದ ಮಿಸ್ ಪೀಬಲ್ಸ್ ಗಂಟೆ ಹೊಡೆಯುವವರೆಗೂ ಈ ಕಡೆ ತಿರುಗಲಿಲ್ಲ.

ಮಧ್ಯಾಹ್ನಕ್ಕೇ ದೂರು ಬಂತು. ಕೊಟ್ಟವರು ವಿಜ್ಞಾನದ ಮೇಷ್ಟ್ರು ವಿಟೇಕರ್. ದೇವರನ್ನು ನಂಬದವರು, ನಂಬುವುದಿಲ್ಲವೆಂದು ದಿನಕ್ಕೆರಡು ಸಲ ಹೇಳುವವರು.

"ಇನ್ನೊಂದ್ಸಲ ಹೀಗಾದ್ರೆ ಮೈಕು ಕೋಚ್ ಕೈಗೆ ಹೋಗುತ್ತೆ, ಮಿಸ್ ಅರ್ಲೀನ್," ಎಂದರು ಡೆಲ್ಗಾಡೊ.

"ಅವನಿಗಾ? ಅವನು ಊಟದ ಪಟ್ಟಿ ಓದಿದ್ರೂ ಬೈದ ಹಾಗಿರುತ್ತೆ."

ಡೆಲ್ಗಾಡೊ ನಗಲಿಲ್ಲ. ದೇವರು ಆ ಅರ್ಜಿಯನ್ನು ಇನ್ನೂ ನೋಡಿರಲಿಲ್ಲ.

ತಮಾಷೆ ಮಾಡಿ ಹೊರಬಂದ ಅರ್ಲೀನ್ ತನ್ನ ಮೇಜಿಗೆ ಹೋಗಿ ಮೈಕನ್ನು ಹತ್ತಿರ ಎಳೆದುಕೊಂಡಳು. ಮೈಕು ಹೋದರೆ ತಾನು ಬರೀ ಹಾಜರಿ ಗೀಚುವ ಮುದುಕಿ. ಮಾರನೇ ದಿನ ಮೈಕು ಆರಿಸಿದ್ದಲ್ಲದೆ ವೈರನ್ನೂ ಕಿತ್ತಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಪಟ್ಟಿಯನ್ನು ಪಿಸುಗುಟ್ಟಿದಳು.

ಗುರುವಾರ ವಿಟೇಕರ್ ರಜಾ ಚೀಟಿ ತಂದರು.

"ನಾಳೆ ಅಮ್ಮನಿಗೆ ಹಾರ್ಟ್ ಆಪರೇಷನ್."

ಅರ್ಲೀನ್ ಮುದ್ರೆ ಒತ್ತಿ ಕೊಟ್ಟಳು. ಮೇಷ್ಟ್ರು ಹೋಗಲಿಲ್ಲ.

"ನಿಮ್ಮ ಆ ಪಟ್ಟಿ... ಈಗಲೂ ಓದ್ತೀರಾ?"

"ದೂರು ಕೊಟ್ಟೋರು ನೀವು, ಕೇಳೋರೂ ನೀವೇನಾ?"

"ಮತ್ತೆ ಮೈಕಲ್ಲಿ ಬಂದ್ರೆ ಮತ್ತೆ ಕೊಡ್ತೀನಿ. ಶಾಲೆ ಎಲ್ಲರದ್ದು." ಮೇಷ್ಟ್ರು ಚೀಟಿಯನ್ನು ಮಡಚಿದರು, ಬಿಚ್ಚಿದರು. "ನಾನು ನಂಬಲ್ಲ. ಅಮ್ಮ ನಂಬ್ತಾಳೆ. ಯಾರಾದ್ರೂ ಹೆಸರು ಹೇಳಿದ್ರಾ ಅಂತ ಕೇಳಿದ್ರೆ ಏನು ಹೇಳ್ಲಿ?"

ಅರ್ಲೀನ್ ಕನ್ನಡಕ ತೆಗೆದಳು.

"ಬ್ಯೂಲಾ ಅಲ್ವಾ ಹೆಸರು? ಮಂಗಳವಾರದಿಂದ ದಿನಾ ಹೇಳ್ತಿದ್ದೀನಿ. ಅವತ್ತು ಫೋನ್ ಮಾಡಿದ್ದು ಅವರೇ. ಭಯ ಆಗ್ತಿದೆ, ಮಗನಿಗೆ ಹೇಳ್ಬೇಡಿ, ನಂಗೋಸ್ಕರ ಪ್ರಾರ್ಥನೆ ಮಾಡಿ ಅಂದ್ರು. ಪೀಬಲ್ಸ್ ಆದ್ಮೇಲೆ ಅವರ ಹೆಸರೇ ಹೇಳೋದಿತ್ತು. ಪ್ರಿನ್ಸಿಪಾಲಮ್ಮ ಓಡಿ ಬಂದಿದ್ದು ಒಳ್ಳೇದೇ ಆಯ್ತು, ಇಲ್ಲಾಂದ್ರೆ ಮೈಕಲ್ಲಿ ನಿಮಗೂ ಕೇಳಿಸ್ತಿತ್ತು."

ವಿಟೇಕರ್ ಚೀಟಿಯನ್ನು ಜೇಬಿಗಿಟ್ಟರು. ಆಮೇಲೆ ಬಗ್ಗಿ, ಮೈಕು ಆರಿದೆಯೇ ಎಂದು ತಾವೇ ನೋಡಿದರು.

"ಹಾಗಾದ್ರೆ ನಾಳೆ ಅವಳದ್ದೇ ಮೊದ್ಲು ಹೇಳಿ," ಎಂದರು. "ಡಫಿ ಕಾಯ್ಲಿ."