ಮ್ಯೂನಿಕ್‌ನಲ್ಲಿ ಮಾಮಾ ನಡೆದದ್ದು

ಅಬುಧಾಬಿಯ ಆ ಮನೆಗೆ ನಾನು ನರ್ಸ್ ಆಗಿ ಸೇರಿ ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಆಸ್ಪತ್ರೆಯೊಂದರ ವಾರ್ಡಿನಲ್ಲಿದ್ದೆ. ಅಲ್ಲಿಗೆ ಬಂದಿದ್ದ ಒಬ್ಬ ರೋಗಿಯೇ ಮಗನಿಗೆ ನನ್ನನ್ನು ತೋರಿಸಿ, "ಈ ಸಿಸ್ಟರ್ ನಮ್ಮ ಮನೆಗೆ ಬರಲಿ" ಎಂದು ಹೇಳಿ ನನ್ನ ಕೆಲಸ ಬದಲಾಯಿಸಿದ್ದರು. ಎಪ್ಪತ್ತು ದಾಟಿದ ಎಮಿರಾತಿ ಹೆಂಗಸು. ಡ್ರೈವರ್‌ನಿಂದ ಹಿಡಿದು ಅಡುಗೆಯವಳವರೆಗೆ ಮನೆಯ ಎಲ್ಲರಿಗೂ ಅವರು ಮಾಮಾ, ಎಂದರೆ ಅಮ್ಮ. ಮೂಗು, ಹುಬ್ಬು ಮುಚ್ಚುವ, ಹಿತ್ತಾಳೆ ತಗಡಿನ ಹಾಗೆ ಹೊಳೆಯುವ ಹಳೆಯ ಕಾಲದ ಮುಖವಾಡ ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ನೆರೆಯಲ್ಲಿದ್ದ ಬೊಂಬಾಯಿ ವ್ಯಾಪಾರಿಗಳ ಹೆಂಗಸರಿಂದ ಕಲಿತ ಹಿಂದಿ ಅವರಿಗೆ ಚೆನ್ನಾಗಿ ಬರುತ್ತಿತ್ತು. ನನ್ನ ಅರಬಿ ಅಡುಗೆಮನೆಯ ಮಟ್ಟದ್ದು. ಎರಡನ್ನೂ ಕಲಸಿಕೊಂಡು ನಮ್ಮ ಮಾತು ನಡೆಯುತ್ತಿತ್ತು.

ಎರಡು ಸಾವಿರದ ಹದಿಮೂರರಲ್ಲಿ ಮಾಮಾರ ಸೊಂಟದ ಕೀಲು ಪೂರ್ತಿ ಸವೆದಿತ್ತು. ರಂಜಾನ್ ಮುಗಿದ ಮೇಲೆ ಮ್ಯೂನಿಕ್‌ನಲ್ಲಿ ಆಪರೇಷನ್ ಎಂದು ಮಗ ನಿಶ್ಚಯಿಸಿದರು. ಅಲ್ಲಿನ ಬೇಸಿಗೆಯಲ್ಲಿ ಅರ್ಧ ಅಬುಧಾಬಿಯೇ ಆ ಊರಿನಲ್ಲಿರುತ್ತದೆ ಎಂದು ಕೇಳಿ ಗೊತ್ತಿತ್ತು. ನಾನೂ ಜೊತೆಗೆ ಹೋಗಬೇಕು ಎಂದಾಗ ಫೋನಿನಲ್ಲಿ ನನ್ನ ಗಂಡ ನಕ್ಕರು. ಅವರು ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಶುಕ್ರವಾರ ಬಸ್ಸು ಹಿಡಿದು ನನ್ನನ್ನು ನೋಡಲು ಬರುತ್ತಿದ್ದರು.

"ಹದಿನೈದು ವರ್ಷದಿಂದ ಜರ್ಮನ್ ಗಾಡಿಗಳ ಅಡಿಯಲ್ಲಿ ಮಲಗುದು ನಾನು. ಜರ್ಮನಿ ನೋಡ್ಲಿಕ್ಕೆ ಹೋಗುದು ನೀನು. ಎಂತ ನ್ಯಾಯ ಮಾರಾಯ್ತಿ ಇದು?"

ಆಪರೇಷನ್ ಚೆನ್ನಾಗಿಯೇ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯ ಬಾಡಿಗೆ ಫ್ಲ್ಯಾಟಿನಲ್ಲಿ ಉಳಿದೆವು. ಮಗನಿಗೆ ಆಫೀಸಿನ ಕೆಲಸ. ತಾಯಿಯ ಹಣೆಗೆ ಮುತ್ತಿಟ್ಟು ಅಬುಧಾಬಿಗೆ ಹಿಂತಿರುಗಿದರು. ಅವರು ಹೋದ ಮೇಲೆ ನನಗೆ ನಿಜವಾದ ಕಷ್ಟ ಶುರುವಾಯಿತು. ಮಾಮಾ ನಡೆಯಲು ಒಪ್ಪಲಿಲ್ಲ. ಹಳೆಯ ನೋವು ಎಲ್ಲೋ ಹೊಂಚು ಹಾಕಿ ಕುಳಿತಿದೆ, ಕಾಲಿಟ್ಟರೆ ಹಾರಿ ಬರುತ್ತದೆ ಎಂಬ ಭಯ ಅವರಿಗೆ. ಹಾಸಿಗೆಯಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಹಾಸಿಗೆಗೆ. ಅಷ್ಟೇ. ವಾಕರ್‌ನ ಮೇಲೆ ಅವರ ಕಪ್ಪು ನಿಲುವಂಗಿ ಅಬಾಯ ಒಣಗುತ್ತಿತ್ತು.

"ಇವತ್ತು ಕಿಟಕಿವರೆಗೆ ಹೋಗೋಣ ಮಾಮಾ" ಎಂದರೆ, "ಕಿಟಕಿ ಎಲ್ಲಿದೆಯೋ ಅಲ್ಲೇ ಇರಲಿ. ಖಲಾಸ್" ಎನ್ನುತ್ತಿದ್ದರು.

ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋಥೆರಪಿಸ್ಟ್ ಬರುತ್ತಿದ್ದರು. ಐವತ್ತರ ಆಸುಪಾಸಿನ, ಎತ್ತರದ, ಹೆಚ್ಚು ಮಾತಾಡದ ಜರ್ಮನ್ ಹೆಂಗಸು. ಮೊದಲ ವಾರವೆಲ್ಲ ಮಾಮಾರ ಮೊಂಡುತನವನ್ನು ಸುಮ್ಮನೆ ನೋಡಿದರು. ನಾಲ್ಕನೇ ಸಲ ಬಂದಾಗ ಚಾಪೆ ಬಿಚ್ಚಲೇ ಇಲ್ಲ. "ಈ ಕೋಣೆಯಲ್ಲಿ ನಡೆದು ಹೋಗಿ ತಲುಪುವಂಥದ್ದು ಏನಿದೆ? ನಾನಾಗಿದ್ದರೂ ನಡೆಯುತ್ತಿರಲಿಲ್ಲ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, ಗಾಲಿಕುರ್ಚಿ ತರಲು ಸೂಚಿಸಿದರು. ಮಡಚಿದ ವಾಕರನ್ನು ತಾವೇ ಕೈಗೆತ್ತಿಕೊಂಡರು.

ಮಾಮಾರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬೀದಿಯ ಸ್ಟಾಪಿಗೆ ಬಂದೆವು. ಟ್ರಾಮ್ ನಿಂತಿತು. ಚಾಲಕ ಇಳಿದು ಬಂದು, ಹಲಗೆ ಹಾಸಿ, ಗಾಲಿಕುರ್ಚಿ ಒಳಗೆ ಹೋಗುವವರೆಗೆ ಕಾದು, ಹಲಗೆ ಮಡಚಿ ಮತ್ತೆ ಹೋಗಿ ಕುಳಿತ. ಟ್ರಾಮಿನ ಅಷ್ಟೂ ಜನ ಅಲ್ಲಿಯವರೆಗೆ ಸುಮ್ಮನಿದ್ದರು. ಒಬ್ಬರೂ ಗಡಿಯಾರ ನೋಡಲಿಲ್ಲ. ಆ ಊರಿನ ಬಗ್ಗೆ ನನ್ನಲ್ಲಿ ಗೌರವ ಹುಟ್ಟಿದ್ದು ಅಲ್ಲಿ. ಅರಮನೆ, ಗೋಪುರಗಳನ್ನೆಲ್ಲ ನಾನು ನೋಡಿದ್ದು ಆಮೇಲೆ.

ಊರಿನ ನಡುವಿನ ಮರಿಯೆನ್‌ಪ್ಲಾಟ್ಸ್ ಎಂಬ ಚೌಕಕ್ಕೆ ಬಂದೆವು. ಒಂದು ಬದಿಗೆ ಪುರಭವನ. ಕಲ್ಲಿನಲ್ಲಿ ಕಸೂತಿ ಹಾಕಿದ ಹಾಗೆ ಗೋಡೆಗಳು, ಕಿಟಕಿಕಿಟಕಿಗೂ ಕೆಂಪು ಹೂವು. ಅದರ ಗೋಪುರದಲ್ಲಿ ಆಳೆತ್ತರದ ಬೊಂಬೆಗಳಿವೆ, ಹನ್ನೊಂದು ಗಂಟೆಗೆ ಕುಣಿಯುತ್ತವೆ ಎಂದರು ಫಿಸಿಯೋಥೆರಪಿಸ್ಟ್. ಹನ್ನೊಂದಾಗುವ ಹೊತ್ತಿಗೆ ನಮ್ಮ ಮುಂದೆ ನೂರಾರು ಜನ ಸೇರಿ ನಿಂತಿದ್ದರು. ಗಂಟೆಗಳು ಹಾಡಿನಂತೆ ಮೊಳಗತೊಡಗಿದವು. ಎಲ್ಲರ ಮುಖವೂ ಮೇಲಕ್ಕೆ. ಗಾಲಿಕುರ್ಚಿಯಲ್ಲಿದ್ದ ಮಾಮಾರಿಗೆ ಕಂಡದ್ದು ಜನರ ಬೆನ್ನು ಮಾತ್ರ.

"ಏನಾಗುತ್ತಿದೆ? ನನಗೇನೂ ಕಾಣುವುದಿಲ್ಲ" ಎಂದರು.

ಫಿಸಿಯೋಥೆರಪಿಸ್ಟ್ ವಾಕರ್ ಬಿಡಿಸಿ ಅವರ ಮುಂದಿಟ್ಟರು. "ನಿಂತರೆ ಕಾಣುತ್ತದೆ ಎಂದು ಹೇಳಿ" ಎಂದು ನನ್ನತ್ತ ತಿರುಗಿದರು. ನಾನು ಹೇಳಿದೆ. ಮಾಮಾ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಗೋಪುರದ ಕಡೆ ಕತ್ತು ಚಾಚಿದರು. ಮುಂದಿದ್ದ ಮಕ್ಕಳು ಏನನ್ನೋ ಕಂಡು ನಕ್ಕರು. ಅಷ್ಟು ಸಾಕಾಯಿತು. "ಬಿಸ್ಮಿಲ್ಲಾ" ಎನ್ನುತ್ತಾ ವಾಕರನ್ನು ಗಟ್ಟಿಯಾಗಿ ಹಿಡಿದು ಎದ್ದು ನಿಂತರು. ನಾನು ಅವರ ಬೆನ್ನಿಗೆ ಕೈಯಿಟ್ಟು ನಿಂತಿದ್ದೆ. ಅವರಿಂದ ಕಣ್ಣು ತೆಗೆದು ಬೊಂಬೆ ನೋಡಲು ನನಗೆ ಮೊದಲಿಗೆ ಧೈರ್ಯವಾಗಲಿಲ್ಲ.

ಮೇಲಿನ ಸಾಲಿನಲ್ಲಿ ಮದುವೆಯ ಸಂಭ್ರಮ, ಕುದುರೆ ಸವಾರರ ಕಾಳಗ. ಕೆಳಗಿನ ಸಾಲಿನಲ್ಲಿ ಕೆಂಪು ಅಂಗಿಯವರ ಕುಣಿತ. ಅವರು ಮರದ ಪೀಪಾಯಿ ಮಾಡುವ ಕಸುಬಿನವರು. ಹಿಂದೆ ಪ್ಲೇಗ್ ಬಂದು ಹೋದ ಮೇಲೂ ಊರಿನ ಜನ ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದರಂತೆ. ಇವರು ಬೀದಿಯಲ್ಲಿ ಕುಣಿದು ಕುಣಿದು ಎಲ್ಲರನ್ನೂ ಹೊರಗೆ ಕರೆದರಂತೆ. ಫಿಸಿಯೋಥೆರಪಿಸ್ಟ್ ಹೇಳಿದ್ದನ್ನು ನಾನು ಮಾಮಾರ ಕಿವಿಯಲ್ಲಿ ಹಿಂದಿಗೆ ತಂದೆ. ಕೊನೆಗೆ ತುದಿಯಲ್ಲಿದ್ದ ಚಿನ್ನದ ಬಣ್ಣದ ಹುಂಜ ಕೂಗಿತು. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಾಮಾ ತಮ್ಮ ಕಾಲ ಮೇಲೆ ನಿಂತಿದ್ದರು.

ಕುಳಿತ ಮೇಲೆ ಕೇಳಿದರು: "ಮತ್ತೆ ಯಾವಾಗ?"

"ಹನ್ನೆರಡಕ್ಕೆ."

"ಹಾಗಾದರೆ ಇಲ್ಲೇ ಇರೋಣ."

ಮರುದಿನದಿಂದ ಬೆಳಿಗ್ಗೆ ನನಗಿಂತ ಮೊದಲು ಅವರೇ "ಯಲ್ಲಾ, ಹೊರಡು" ಎನ್ನತೊಡಗಿದರು. ಮ್ಯೂನಿಕ್‌ನಲ್ಲಿ ಬೆಂಚುಗಳಿಗೆ ಬರವಿಲ್ಲ. ಮರದ ಕೆಳಗೆ, ಕಾರಂಜಿಯ ಪಕ್ಕ, ಇಗರ್ಜಿಯ ಗೋಡೆಗೆ ಒತ್ತಿ, ಎಲ್ಲಿ ನೋಡಿದರೂ ಒಂದು ಬೆಂಚು, ಅದರ ಮೇಲೆ ಮುದುಕರು. ಮೊದಲ ದಿನ ಒಂದು ಬೆಂಚಿನವರೆಗೆ, ಮರುದಿನ ಎರಡರವರೆಗೆ. ಹೀಗೆ ಬೆಂಚಿನಿಂದ ಬೆಂಚಿಗೆ ಆ ಊರನ್ನು ನಾವು ನೋಡಿದೆವು. ನಗರದ ನಡುವಿನ ದೊಡ್ಡ ತೋಟದ ಅಂಚಿನಲ್ಲಿ ಒಂದು ತೊರೆ ಸೇತುವೆಯ ಕೆಳಗಿನಿಂದ ನುಗ್ಗಿ ಬಂದು ಅಲೆಯಾಗಿ ಏಳುತ್ತದೆ. ಆ ಅಲೆಯ ಮೇಲೆ ಹಲಗೆ ಹಾಕಿ ನಿಂತು ಹುಡುಗ ಹುಡುಗಿಯರು ಸರದಿ ಪ್ರಕಾರ ಆಡುತ್ತಿದ್ದರು. ಸಮುದ್ರವೇ ಇಲ್ಲದ ಊರಿನಲ್ಲಿ ಸಮುದ್ರದ ಆಟ. ಮಾಮಾರ ತಂದೆ ಮುತ್ತಿಗಾಗಿ ಕಡಲಿಗಿಳಿಯುತ್ತಿದ್ದವರು. "ಇವರಿಗೆ ನೀರಿನ ಭಯವಿಲ್ಲ" ಎಂದು ಮೆಚ್ಚಿ ಒಂದು ಗಂಟೆ ಅಲ್ಲೇ ಕುಳಿತರು.

ತರಕಾರಿ ಮಾರ್ಕೆಟ್ಟಿನಲ್ಲಿ ಇನ್ನೊಂದು ಕಥೆ. ಅಣಬೆ, ಚೀಸ್, ಜೇನು, ಹೂವು, ಎಲ್ಲವನ್ನೂ ಒಡವೆ ಅಂಗಡಿಯ ಹಾಗೆ ಜೋಡಿಸಿಟ್ಟಿದ್ದರು. ಅಬುಧಾಬಿಯ ಅಲ್ ಮೀನಾ ಮಾರ್ಕೆಟ್ಟಿನಲ್ಲಿ ಮಾಮಾ ಕೈಯಲ್ಲಿ ಒತ್ತಿ ನೋಡದೆ ಒಂದು ಟೊಮೆಟೊ ಕೊಂಡವರಲ್ಲ. ಇಲ್ಲಿ ಒತ್ತಲು ಹೋದಾಗ ಅಂಗಡಿಯವನು ನಯವಾಗಿಯೇ ಕೈ ಅಡ್ಡ ತಂದ. ಮಾಮಾರ ಮುಖ ಕೆಂಪಾಯಿತು. ಪಕ್ಕದಲ್ಲೇ ಅವನು ಖರ್ಜೂರ ಇಟ್ಟಿದ್ದ. ಅದನ್ನು ನೋಡಿ ತಲೆಯಾಡಿಸಿ, ತಮ್ಮ ಚೀಲದಿಂದ ಡಬ್ಬಿ ತೆಗೆದರು. ಲಿವಾದ ತಮ್ಮ ತೋಟದ ಖರ್ಜೂರ. ಒಂದನ್ನು ಅವನ ಅಂಗೈಯಲ್ಲಿಟ್ಟು ತಿನ್ನು ಎಂದು ಸನ್ನೆ ಮಾಡಿದರು. ಅವನು ತಿಂದ. ಆಮೇಲೆ ತನ್ನ ಖರ್ಜೂರದ ಬುಟ್ಟಿಯನ್ನು ಹಿಂದಕ್ಕೆ ಸರಿಸಿ ನಕ್ಕ. ಅವತ್ತಿನಿಂದ ಮಾಮಾ ಅಲ್ಲಿ ಟೊಮೆಟೊ ಒತ್ತಿದರೆ ಅವನು ಬೇರೆ ಕಡೆ ನೋಡುತ್ತಿದ್ದ.

ಎಲ್ಲವೂ ಹೀಗೆಯೇ ಇತ್ತು ಎಂದರೆ ಸುಳ್ಳಾಗುತ್ತದೆ. ಒಮ್ಮೆ ಟ್ರಾಮಿನಲ್ಲಿ ಒಬ್ಬ ಗಂಡಸು ಮಾಮಾರ ಮುಖವಾಡ ನೋಡಿ ಗೊಣಗಿದ. ಫಿಸಿಯೋಥೆರಪಿಸ್ಟ್ ಒಂದೇ ಒಂದು ವಾಕ್ಯ ಹೇಳಿದರು. ಅವನು ಬಾಯಿ ಮುಚ್ಚಿದ. ಏನಂದ ಎಂದು ಮಾಮಾ ಕೇಳಿದರು. ನನಗೆ ಜರ್ಮನ್ ಬಾರದು ಎಂದೆ. "ಗೊತ್ತಾಯಿತು ಬಿಡು" ಎಂದು ಕಿಟಕಿಯ ಹೊರಗೆ ನೋಡಿದರು.

ಸೆಪ್ಟೆಂಬರ್ ಎಂಟು ಬಂತು. ನಾವು ಮಂಗಳೂರಿನ ಕ್ರೈಸ್ತರಿಗೆ ಅದು ತೆನೆ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ. ಹೂವು ಅರ್ಪಿಸದೆ ನಾನು ಒಂದು ವರ್ಷವೂ ಬಿಟ್ಟವಳಲ್ಲ. ಅವತ್ತು ಭಾನುವಾರ. ಮ್ಯೂನಿಕ್‌ನಲ್ಲಿ ಭಾನುವಾರ ಎಂದರೆ ಅಂಗಡಿಗಳಿಗೆಲ್ಲ ಬೀಗ. ನಮ್ಮ ಬೀದಿಯಲ್ಲಿ ಸುತ್ತಿ ಬಂದೆ, ಒಂದು ಹೂವೂ ಸಿಗಲಿಲ್ಲ. ಚಹಾ ಕೊಡುವಾಗ ಮಾಮಾ ನನ್ನ ಮುಖ ನೋಡಿದರು.

"ಏನಾಯಿತು ಬಿಂತಿ?" ಬಿಂತಿ ಎಂದರೆ ಮಗಳೇ ಎಂದು. ಅಪರೂಪಕ್ಕೆ ಮಾತ್ರ ಹಾಗೆ ಕರೆಯುತ್ತಿದ್ದರು.

ಹೇಳಿದೆ. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು, ವಾಕರ್ ಹಿಡಿದು ಲಿಫ್ಟಿನ ಕಡೆ ಹೊರಟರು. ಕಟ್ಟಡದ ಅಂಗಳದ ಬೆಂಚಿನ ಮೇಲೆ ಕೆಳಮನೆಯ ಅಜ್ಜಿಯೊಬ್ಬರು ದಿನವೂ ಕೂರುತ್ತಿದ್ದರು. ಒಂಟಿಯಾಗಿದ್ದರೂ ಸೈಕಲ್ ತುಳಿದು ಸಾಮಾನು ತರುವ ಗಟ್ಟಿ ಜೀವ. ಭಾಷೆ ಬಾರದೆಯೇ ಅವರಿಗೂ ಮಾಮಾರಿಗೂ ಸ್ನೇಹವಾಗಿತ್ತು. ಮಾಮಾ ಆ ಅಜ್ಜಿಯ ಜಗಲಿಯ ಹೂಕುಂಡಗಳನ್ನು ತೋರಿಸಿ, ನನ್ನನ್ನು ತೋರಿಸಿ, ಎರಡು ಕೈ ಜೋಡಿಸಿ, "ಮರಿಯಮ್, ಮರಿಯಮ್" ಎಂದರು. "ಆಹ್, ಮರಿಯಾ" ಎಂದು ಅಜ್ಜಿ ಒಳಗೆ ಹೋಗಿ ಕತ್ತರಿ ತಂದರು. ಕುಂಡಗಳು ಬೋಳಾಗುವಷ್ಟು ಹೂ ಕತ್ತರಿಸಿ ನನ್ನ ಮಡಿಲಿಗೆ ಹಾಕಿದರು.

ಈರುಳ್ಳಿಯಂಥ ಎರಡು ಗುಮ್ಮಟಗಳ ದೊಡ್ಡ ಇಗರ್ಜಿಗೆ ನಾವಿಬ್ಬರೂ ಹೋದೆವು. ಬಾಗಿಲ ಬಳಿ ನೆಲದಲ್ಲಿ ಒಂದು ಹೆಜ್ಜೆ ಗುರುತು; ಸೈತಾನ ಕಾಲೂರಿದ್ದು ಎಂದು ಅಲ್ಲಿನವರು ಹೇಳುತ್ತಾರೆ. ನಾನು ಅದನ್ನು ಹೇಳಿದ್ದೇ ತಡ, ಮಾಮಾ ವಾಕರನ್ನು ಸುತ್ತು ಬಳಸಿ ನಡೆಸಿದರು. ಒಳಗೆ ಬಿಳಿ ಕಂಬಗಳು ಕಣ್ಣು ಎಟುಕದಷ್ಟು ಎತ್ತರಕ್ಕೆ ಹೋಗಿದ್ದವು, ನಡುವೆ ತಣ್ಣನೆಯ ಬೆಳಕು. ನೀವು ಹೊರಗೆ ಕೂರುತ್ತೀರಾ ಎಂದು ಬಾಗಿಲಲ್ಲೇ ಕೇಳಿದ್ದೆ.

"ಯಾಕೆ? ಮರಿಯಮ್ ನಮ್ಮವರೂ ಹೌದು. ನಮ್ಮ ಕಿತಾಬಿನಲ್ಲಿ ಅವರ ಹೆಸರಿದೆ. ನೀನು ಹೋಗಿ ಹೂ ಕೊಡು. ನನ್ನ ಕಾಲಿನ ವಿಷಯವನ್ನೂ ಒಂದು ಮಾತು ಹೇಳು."

ಹೂ ಇಟ್ಟು ತಿರುಗಿದಾಗ ಅವರು ಕೊನೆಯ ಬೆಂಚಿನಲ್ಲಿ ಅಂಗೈ ಮೇಲೆ ಮಾಡಿ ತುಟಿ ಅಲುಗಿಸುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಆ ಸಂಜೆ ಅಜ್ಜಿ ಒಂದು ಹಳೆಯ ಫೋಟೋ ತಂದು ತೋರಿಸಿದರು. ಯುದ್ಧದ ಬಾಂಬಿಗೆ ಸಿಕ್ಕಿದ ಮ್ಯೂನಿಕ್; ನಾವು ಬೆಳಿಗ್ಗೆ ಹೋಗಿದ್ದ ಇಗರ್ಜಿಯ ಚಾವಣಿ ಕುಸಿದಿತ್ತು, ಸುತ್ತ ಬರೀ ಕಲ್ಲುರಾಶಿ. ಆಗ ತನಗೆ ಆರು ವರ್ಷ ಎಂದು ಬೆರಳೆಣಿಸಿ ತೋರಿಸಿದರು. ಹೆಚ್ಚು ಕಡಿಮೆ ಮಾಮಾರ ವಯಸ್ಸೇ. ಮಾಮಾ ಫೋಟೋವನ್ನು ಬಹಳ ಹೊತ್ತು ಹಿಡಿದಿದ್ದರು. "ನಮ್ಮ ಮರಳಿನಲ್ಲಿ ನಾವು ಇಲ್ಲದ್ದನ್ನು ಕಟ್ಟಿದೆವು. ಇವರು ಕಳೆದುಕೊಂಡದ್ದನ್ನೇ ಮತ್ತೆ ಕಟ್ಟಿದ್ದಾರೆ. ಇದು ಹೆಚ್ಚು ಕಷ್ಟ" ಎಂದರು.

ಹೊರಡುವ ವಾರ ಊರಿನ ದೊಡ್ಡ ಹಬ್ಬ ಶುರುವಾಗಿ, ಗಂಡಸರು ತೊಗಲಿನ ಚಡ್ಡಿ, ಹೆಂಗಸರು ಏಪ್ರನ್ ಕಟ್ಟಿದ ಲಂಗ ತೊಟ್ಟು ಟ್ರಾಮ್ ಹತ್ತುತ್ತಿದ್ದರು. ಹರೆಯದವರೂ ಅಜ್ಜಂದಿರ ಉಡುಪಿನಲ್ಲೇ. ತಮ್ಮೂರಿನ ಗಂಡಸರ ಬಿಳಿ ನಿಲುವಂಗಿಯನ್ನು ನೆನೆದು ಮಾಮಾ, "ಇವರೂ ತಮ್ಮ ಕಂದೂರ ಬಿಟ್ಟಿಲ್ಲ ನೋಡು" ಎಂದು ಸಂತೋಷಪಟ್ಟರು.

ಕೊನೆಯ ದಿನ ಮಧ್ಯಾಹ್ನ ಈಸರ್ ನದಿಯ ದಡಕ್ಕೆ ಹೋದೆವು. ಅಷ್ಟರಲ್ಲಿ ವಾಕರ್ ಬಿಟ್ಟು ಒಂದು ಕೋಲು ಸಾಕಾಗಿತ್ತು. ತಿಳಿ ಹಸಿರು ನೀರು, ಬಿಳಿ ಬೆಣಚುಕಲ್ಲು, ಆಫೀಸಿನಿಂದ ಬಂದವರು ಬೂಟು ಕಳಚಿಟ್ಟು ಕಾಲು ಇಳಿಬಿಟ್ಟಿದ್ದರು. ತಾವೂ ಇಳಿಯಬೇಕು ಎಂದರು ಮಾಮಾ. ಕಲ್ಲು ಜಾರುತ್ತದೆ, ಬೇಡ ಎಂದೆ. ಅವರು ವಾದ ಮಾಡಲಿಲ್ಲ. ಬೆಂಚಿನಲ್ಲಿ ಕುಳಿತು ಚಪ್ಪಲಿ ಕಳಚಿ ಕಾದರು. ನಾನು ಬಾಟಲಿಯಲ್ಲಿ ನೀರು ತುಂಬಿ ತಂದು ಅವರ ಪಾದಗಳ ಮೇಲೆ ಸುರಿದೆ. ಐಸಿನಂಥ ನೀರು.

"ಇನ್ನೊಂದು ಸಲ" ಎಂದರು.

ಐದು ಬಾಟಲಿ ತಂದೆ. ಆರನೆಯದಕ್ಕೆ ಹೊರಟಾಗ ಅವರು ಬೇಡವೆಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಇಷ್ಟು ಸಿಹಿನೀರು ಹಗಲೂ ರಾತ್ರಿ ಹೋಗುತ್ತಲೇ ಇರುತ್ತದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಪಾದ ಒಣಗುವವರೆಗೆ ನಾವು ನದಿಯನ್ನು ನೋಡುತ್ತಾ ಕುಳಿತಿದ್ದೆವು. ಆಮೇಲೆ ಟ್ರಾಮ್ ಸ್ಟಾಪಿಗೆ ನಡೆದೇ ಹೋದೆವು.