ಅಪ್ಪ ತಂಬಾಕು ಬಿಟ್ಟದ್ದು

ಅಪ್ಪನ ಬಾಯೊಳಗೆ ಬಿಳಿ ಮಚ್ಚೆ ಕಂಡಾಗ, ತಂಬಾಕು ಬಿಡದಿದ್ದರೆ ಅದು ಕ್ಯಾನ್ಸರ್ ಆಗಬಹುದೆಂದು ಹೊಸಪೇಟೆಯ ವೈದ್ಯರು ಹೇಳಿದರು. ನಾನು ಎಷ್ಟು ಕೇಳಿಕೊಂಡರೂ ಅಪ್ಪ ಬಿಡಲಿಲ್ಲ. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಸಂಜೆ ಸೇರುವ ಅಪ್ಪನ ಗೆಳೆಯರಿಗೆಲ್ಲ ಒಂದೇ ಎಲೆ-ಅಡಿಕೆ ಸಂಚಿ; ಅವರಲ್ಲೊಬ್ಬರು ದಿನಾ ತರುವ ಆ ಸಂಚಿಯಲ್ಲೇ ಎಲ್ಲರ ತಂಬಾಕೂ ಇರುತ್ತಿತ್ತು.

ಒಂದು ಸಂಜೆ ನಾನು ಚಹಾ ಒಯ್ದಾಗ ಅಪ್ಪ ಆ ಸಂಚಿ ತಡಕುತ್ತಿದ್ದರು. ಒಳಗೆ ಬರೀ ಸೋಂಪು ಇತ್ತು.

"ತಂಬಾಕು ಎಲ್ಲೈತಲೇ?" ಎಂದರು.

"ಬಿಟ್ಟೀನಿ. ಬಾಯಿ ನಾರತೈತಂತ ಮೊಮ್ಮಗಳು ಹತ್ರ ಬರಂಗಿಲ್ಲ," ಎಂದರು ಸಂಚಿ ತಂದ ಗೆಳೆಯ. "ಸೋಂಪು ತಿನ್ನು."

"ನಾನೇನು ಮದುವಿ ಊಟಕ್ಕ ಬಂದೀನೇನು?" ಎಂದು ಗೊಣಗುತ್ತಲೇ ಅಪ್ಪ ತಿಂದರು. ಉಳಿದವರೂ ತಿಂದರು.

ಈಗ ತಂಬಾಕು ಬೇಕಾದವರು ಹರಟೆ ಬಿಟ್ಟು ಅಂಗಡಿಗೆ ಹೋಗಬೇಕು. ಅಪ್ಪ ಏಳುವುದಿಲ್ಲ. ಕಳೆದ ವಾರ ವೈದ್ಯರು ಟಾರ್ಚ್ ಹಿಡಿದು ನೋಡಿ, ಮಚ್ಚೆ ಕಡಿಮೆಯಾಗುತ್ತಿದೆ ಎಂದರು.